ಎಡಗಾಲಿನ ಮೊದಲ ನಡಿಗೆ

ಕೊಳವೆ ಶಕೆ ತೊಂಬತ್ತೊಂದು, ಬಿಸಿಲು ಮಾಸದ ನಲವತ್ತನೆಯ ದಿನ
ಕರಿಕಲ್ಲುಹಟ್ಟಿ, ತಗ್ಗು

ಇನ್ನೂ ಹುಟ್ಟದ ನನ್ನ ಮರಿಮಕ್ಕಳ ಮಕ್ಕಳೇ,

ನಿಮ್ಮ ತಿಂಗಳಿಗೆ ಎಷ್ಟು ದಿನವೋ ನಾನರಿಯೆ. ನಮ್ಮಲ್ಲಿ ಮೇಲ್ಗಟ್ಟಿನವರು ಕೊಳವೆಯ ಬಾಯಿ ತೆರೆದ ದಿನವೇ ಹೊಸ ತಿಂಗಳು. ಅಲ್ಲಿಯವರೆಗೂ ಬಿಸಿಲು ಮಾಸ ಮುಗಿಯುವುದಿಲ್ಲ. ನನ್ನ ಮಾತು ನಿಮ್ಮ ಬಾಯಿಗೆ ಕಲ್ಲಿನ ಹಾಗೆ ಸಿಕ್ಕಿದರೆ ಕ್ಷಮಿಸಿ. ನಯವಾಗಿ ಬರೆಯುವುದನ್ನು ನಮಗೆ ಯಾರೂ ಕಲಿಸಲಿಲ್ಲ, ಕಲಿಸಿದ್ದರೂ ನಾನು ಕಲಿಯುತ್ತಿರಲಿಲ್ಲ. ನಾನು ಪಾಲವ್ವ, ಕಾಲು ಮಾಡುವ ಓಬಳಪ್ಪನ ಮೊಮ್ಮಗಳು. ನಾಳೆ ಕೊಳವೆ ಚೌಕದಲ್ಲಿ ನನ್ನ ತಾತನ ಲೋಹದ ವಿಗ್ರಹ ನಿಲ್ಲಿಸುತ್ತಾರೆ. ಅದಕ್ಕೆ ಎರಡು ಕಾಲಿವೆ. ನನ್ನ ತಾತನಿಗೆ ಇದ್ದದ್ದು ಒಂದು. ಈ ಸುಳ್ಳನ್ನು ತಡೆಯಲು ನನ್ನಿಂದ ಆಗಲಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಮೇಲ್ಗಟ್ಟು ಅಂದರೆ ಏನು ಎಂದು ನೀವು ಕೇಳುವಂತಾಗಿದ್ದರೆ ನನಗೆ ಅದಕ್ಕಿಂತ ಸಂತೋಷವಿಲ್ಲ. ನದಿಯನ್ನು ಕೊಳವೆಯೊಳಗೆ ತುರುಕಿದ ಮೇಲೆ, ನೀರು ಮೊದಲು ತಲುಪುವ ದಿಣ್ಣೆಯಲ್ಲಿ ಕೆಲವರು ಮನೆ ಕಟ್ಟಿಕೊಂಡರು. ಮಿಕ್ಕಿದ್ದು ಹರಿದು ಬರುವ ತಗ್ಗಿನಲ್ಲಿ ನಾವು ಉಳಿದೆವು. ಹಿಂದಿನ ಕಾಲದಲ್ಲಿ ಇದನ್ನು ಕೇರಿ ಎನ್ನುತ್ತಿದ್ದರಂತೆ. ಹೆಸರು ಹೊಸದು, ದೂರ ಹಳೆಯದೇ. ಆ ನೀರಿಗಾಗಿ ಯುದ್ಧ ನಡೆದಾಗ ವೈರಿಗಳು ಆಕಾಶದಿಂದ ಸಿಡಿಬೀಜ ಉದುರಿಸಿದರು. ಅದು ಮಣ್ಣಿನಲ್ಲಿ ಮಲಗಿ ಯಾರದಾದರೂ ಕಾಲಿಗಾಗಿ ಕಾಯುತ್ತದೆ. ಅಂಥ ಹೊಲ ದಾಟಬೇಕಾದಾಗ ದಳಪತಿ ಶಶಾಂಕ ತಗ್ಗಿನ ಹುಡುಗರನ್ನು ಮುಂದೆ ನಡೆಸಿದ, ತಾನು ಅವರ ಹೆಜ್ಜೆಯ ಗುರುತು ಹಿಡಿದು ಹಿಂದೆ ಬಂದ. ವೀರ ಎಂಬ ಪದಕ್ಕೆ ನಮ್ಮ ಹಟ್ಟಿಯಲ್ಲಿ ಇರುವ ಅರ್ಥ ಇಷ್ಟೇ: ಮುಂದಕ್ಕೆ ನೂಕಿಸಿಕೊಂಡವನು. ನನ್ನ ತಾತ ಹಾಗೆ ವೀರನಾದ. ಎಡ ಮೊಣಕಾಲಿನ ಕೆಳಗಿನದೆಲ್ಲ ಆ ಹೊಲದಲ್ಲೇ ಉಳಿಯಿತು.

ಅವನ ಹಿರಿಯರು ಚಪ್ಪಲಿ ಹೊಲಿದವರು. ಇವನು ತೊಗಲು ಕೊಯ್ಯುವ ಅದೇ ರಂಪಿಗೆ, ಹೊಲಿಯುವ ಅದೇ ಆರಿ ಹಿಡಿದು ಕಾಲು ಮಾಡಲು ಕೂತ. ಬೀದಿಯ ಮೇಲೆ ಬಿಸಿಲು ತಡೆಯಲು ಕಟ್ಟುವ ನೆರಳುಬಲೆಯ ಕೆಳಗೆ ಅವನ ಜಾಗ. ಸುತ್ತ ಹಾಲೆಮರದ ಬಿಳಿ ಸಿಪ್ಪೆ, ತಂಗಡಿ ತೊಗಟೆಯ ನೀರಲ್ಲಿ ನೆನೆಯುವ ತೊಗಲು. ಆ ಒಗರು ವಾಸನೆ ಅವನ ಅಂಗೈಗೆ ಎಷ್ಟು ಹತ್ತಿತ್ತೆಂದರೆ, ಅವನು ಕಲಸಿ ಕೊಟ್ಟ ಮುದ್ದೆಯಲ್ಲೂ ಅದೇ ಬರುತ್ತಿತ್ತು. ಈಗ ನಾನೇ ತೊಗಟೆ ಕುದಿಸಿ ಕೈ ಅದ್ದಿ ನೋಡುತ್ತೇನೆ. ಅದೇ ತೊಗಟೆ, ಅದೇ ನೀರು. ಆ ವಾಸನೆ ಬರುವುದಿಲ್ಲ.

ಅವನಿಗೆ ಎರಡು ಕಟ್ಟಳೆ ಇದ್ದವು. ಒಂದು, ಅಳತೆ ಪಟ್ಟಿ ಮುಟ್ಟುತ್ತಿರಲಿಲ್ಲ. ಬಂದವರ ಮೊಂಡುಗಾಲನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಅಂಗೈಯಿಂದ ಸವರಿ ಎಲ್ಲಿ ನೋವು, ಎಲ್ಲಿ ಮೂಳೆ ಎಂದು ತಿಳಿಯುತ್ತಿದ್ದ. ಇನ್ನೊಂದು, ಎಡಗಾಲು ಯಾರದೇ ಆಗಿರಲಿ, ಅದರ ಕೆಳತುಂಡನ್ನು ಮೊದಲು ತನ್ನ ಮೊಣಕಾಲಿಗೆ ತೊಟ್ಟ ತೊಗಲಚೀಲಕ್ಕೆ ಬಿಗಿದುಕೊಂಡು ಕೆರೆ ಏರಿಯವರೆಗೆ ನಡೆದು ಬರುತ್ತಿದ್ದ. ಕೆರೆ ಬತ್ತಿ ಎಷ್ಟೋ ತಲೆಮಾರಾಯಿತು, ಏರಿ ಮಾತ್ರ ಇದೆ. ನಾನು ಅವನ ಬೆರಳು ಹಿಡಿದು ಜೊತೆಗೆ ಹೋಗುತ್ತಿದ್ದೆ. ಟಕ್ಕು, ದಪ್ಪು. ಟಕ್ಕು, ದಪ್ಪು. "ಪಾಲೀ, ಈ ಕಾಲು ನೋಡವ್ವ, ಆಸ್ತಿ ಪಾಲಿಗೆ ಹೊಂಟ ದಾಯಾದಿ ಹಂಗೆ ಅತ್ಲಾಗೇ ವಾಲ್ತೈತೆ," ಎಂದು ಅಲ್ಲೇ ಕೂತು ಹೆರೆಯುತ್ತಿದ್ದ. ಕಾಲು ಒಯ್ಯಲು ಬಂದವರಿಗೆ, "ನಿನ್ನ ಕಾಲಿಗೆ ಏರಿ ದಾರಿ ತೋರ್ಸಿವ್ನಿ, ಸಾರಾಯಿ ಅಂಗಡಿ ದಾರಿ ನೀನೇ ತೋರ್ಸಪ್ಪ," ಎನ್ನುತ್ತಿದ್ದ. ಈ ಸೀಮೆಯಲ್ಲಿ ನಡೆಯುವ ಮರದ ಎಡಗಾಲುಗಳೆಲ್ಲ ಮೊದಲ ಹೆಜ್ಜೆ ಇಟ್ಟದ್ದು ನನ್ನ ತಾತನ ಮೈಯಲ್ಲಿ.

ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ ಒಂದು ಸಿಡಿಬೀಜ ದಳಪತಿಯ ಸ್ವಂತ ತೋಟದಲ್ಲೇ, ಅವನ ಕಾಲಡಿಯಲ್ಲೇ ಸಿಡಿಯಿತು. ಹೋದದ್ದು ಎಡಗಾಲೇ. ಮೇಲ್ಗಟ್ಟಿನವರು ತಗ್ಗಿನ ಕೈ ಮೈಗೆ ತಾಗಿಸಿಕೊಳ್ಳುವುದಿಲ್ಲ. ಹಾಗಾಗಿ ಅವನು ಆಳಿನ ಕೈಯಲ್ಲಿ ಅಳತೆ ಬರೆದು ಕಳಿಸಿದ. ತಾತ ಅದನ್ನು ವಾಪಸ್ ಕಳಿಸಿದ. ಎರಡನೆಯ ಸಲ ಮೊಂಡುಗಾಲಿನ ಅಚ್ಚು ಬಂತು, ಅದೂ ವಾಪಸ್ ಹೋಯಿತು. ಕೊನೆಗೆ ದಳಪತಿಯೇ ಡೋಲಿಯಲ್ಲಿ ಬಂದ. ತಾತ ಅವನ ಮೊಂಡುಗಾಲನ್ನು ಎಲ್ಲರ ಮೊಂಡುಗಾಲಿನ ಹಾಗೆಯೇ ತೊಡೆಯ ಮೇಲಿಟ್ಟುಕೊಂಡ. "ಬೇಗ ಮುಗಿಸು ಓಬಳಪ್ಪ," ಎಂದ ಅವನು, ಮುಖ ಆ ಕಡೆ ತಿರುಗಿಸಿ. "ಅವತ್ತು ಹೊಲಕ್ಕೆ ಮೊದ್ಲು ನನ್ನೇ ಬಿಟ್ರಲ್ಲ ಸ್ವಾಮಿ, ಇವತ್ತೂ ಮೊದ್ಲು ನಾನೇ ನಡೀಬೇಕು. ತಡೀರಿ," ಎಂದ ತಾತ. ಕಾಲು ತಯಾರಾಗುವವರೆಗೂ ದಳಪತಿ ಕಾದ. ತಾತ ಆ ಕಾಲು ಕಟ್ಟಿಕೊಂಡು ಏರಿಗೆ ಹೋಗಿ ಬಂದು, ಬಿಚ್ಚಿ ಕೊಟ್ಟ. ಇವನಿಗೇಕೆ ಮಾಡಿಕೊಟ್ಟೆ ಎಂದು ನಾನು ಬೆಂಕಿಯಾಗಿ ಜಗಳ ತೆಗೆದೆ. "ಕಾಲಿಲ್ದೋನಿಗೆ ಮಾಡ್ದೆ ಕಣವ್ವ. ಅವನಿಗಲ್ಲ," ಎಂದ. ಆ ಉತ್ತರವನ್ನು ನಾನು ಇಂದಿಗೂ ಪೂರ್ತಿ ಒಪ್ಪಿಲ್ಲ. ಅವನಷ್ಟು ದೊಡ್ಡ ಎದೆ ನನಗಿಲ್ಲ, ಬೇಕಾಗಿಯೂ ಇಲ್ಲ.

ತಾತ ತೀರಿಕೊಂಡ ದಿನ ಸುತ್ತಲಿನ ಹಟ್ಟಿಗಳಿಂದ ಮರದ ಕಾಲಿನವರೆಲ್ಲ ಬಂದು ಅವನ ಹೆಣದ ಹಿಂದೆ ಏರಿಯವರೆಗೆ ನಡೆದರು. ಟಕ್ಕು, ದಪ್ಪು. ಕಣ್ಣು ಮುಚ್ಚಿದರೆ ಅವನೇ ನಡೆದಂತೆ, ಒಬ್ಬನೇ ಅಷ್ಟು ಜನವಾಗಿ ನಡೆದಂತೆ ಕೇಳುತ್ತಿತ್ತು. ಇಂದಿಗೂ ಬೀದಿಯಲ್ಲಿ ಆ ಸದ್ದಾದರೆ ಒಲೆಯ ಮುಂದಿಂದ ಎದ್ದು ಬಾಗಿಲಿಗೆ ಓಡುತ್ತೇನೆ. ಬೇರೆ ಯಾರೋ ಇರುತ್ತಾರೆ. ಅವರು ದಾಟಿ ಹೋಗುವವರೆಗೂ ಕಾಲನ್ನೇ ನೋಡುತ್ತ ನಿಲ್ಲುತ್ತೇನೆ.

ಈಗ ವಿಗ್ರಹದ ಮಾತು. ಅದನ್ನು ನಿಲ್ಲಿಸುವ ಸಮಿತಿಯ ಯಜಮಾನ ಅದೇ ದಳಪತಿ. ನನ್ನ ತಾತನ ಮರದ ಕಾಲು ಎಲ್ಲಿ ಎಂದು ನಾನು ಸಭೆಯಲ್ಲೇ ಕೇಳಿದೆ. "ಕುಂಟ ವೀರನನ್ನು ನೋಡಿ ಯಾವ ಹುಡುಗ ಸೇನೆಗೆ ಸೇರುತ್ತಾನಮ್ಮ?" ಎಂದ, ಎದ್ದು ನಿಂತು. ಕುರ್ಚಿಯಿಂದ ಮೇಜಿಗೆ ಅವನು ಬಂದಾಗ ನಿಲುವಂಗಿಯೊಳಗಿಂದ ಆ ಸದ್ದು ಬಂತು, ಟಕ್ಕು ದಪ್ಪು. ನನ್ನ ತಾತ ಏರಿಯ ಮೇಲೆ ನಡೆಸಿ ಪಳಗಿಸಿದ ಕಾಲು, ನನ್ನ ತಾತನಿಗೇ ಸುಳ್ಳು ಕಾಲು ಅಂಟಿಸುವವನನ್ನು ಹೊತ್ತು ನಿಂತಿತ್ತು. ನಾನು ಕೂಗಿದೆ. ಕಾವಲಿನವರು ನನ್ನನ್ನು ಹೊರಗೆ ಹಾಕಿದರು. ಚೌಕದ ಸುತ್ತ ಈಗ ಅವರದೇ ಪಹರೆ.

ನನ್ನ ಕಾಲದಲ್ಲಿ ಆಗುವುದಿಲ್ಲ. ನಿಮ್ಮ ಕಾಲದಲ್ಲಿ ಆಗಬೇಕು. ಆ ಪಹರೆಯವರು ಮುದುಕರಾಗಿ ಸತ್ತಿರುತ್ತಾರೆ, ವಿಗ್ರಹ ನಿಂತಿರುತ್ತದೆ. ಮಾಲೆ ತರಬೇಡಿ, ಗರಗಸ ತನ್ನಿ. ಎಡ ಮೊಣಕಾಲಿನ ಕೆಳಗೆ ಕೊಯ್ಯಿರಿ. ಈ ಕಾಗದದ ಜೊತೆಗಿರುವ ತೊಗಲ ಸಂಚಿಯಲ್ಲಿ ಒಂದು ಹಾಲೆಮರದ ಕಾಲಿದೆ. ಅದು ತಾತ ಕೊನೆಯವರೆಗೂ ಕಟ್ಟಿಕೊಂಡದ್ದು. ಅಂಗಾಲು ಒಂದು ಕಡೆ ಸವೆದಿದೆ. ಎಲ್ಲಿಗೆ ಹೋದರೂ ಆ ಕಡೆ ನಾನು ನಡೆಯುತ್ತಿದ್ದೆ, ಅವನು ನನ್ನ ಕಡೆಗೆ ವಾಲುತ್ತಿದ್ದ. ಅದನ್ನು ಅಲ್ಲಿ ಕೂಡಿಸಿ. ಅಳತೆ ಪಟ್ಟಿ ತರಬೇಡಿ. ಮೊದಲು ಕೊಯ್ದ ಆ ಮೊಂಡುಗಾಲಿನ ಮೇಲೆ ಅಂಗೈ ಇಟ್ಟು ಸವರಿ ನೋಡಿ, ನೀವು ಯಾವ ದಿಣ್ಣೆಯವರಾಗಿದ್ದರೂ, ಯಾವ ತಗ್ಗಿನವರಾಗಿದ್ದರೂ.

ಮುಟ್ಟದೆ ಮಾತ್ರ ಕಟ್ಟಬೇಡಿ. ಅವನು ಎದ್ದು ಹೋಗಿಬಿಡುತ್ತಾನೆ.

ನಿಮ್ಮ ಅಜ್ಜಿಯರ ಅಜ್ಜಿ,
ಪಾಲವ್ವ