ಮುಂದೆ ಬಿಚ್ಚುವ ಅಂಗಿ

ಹೇರೋಹಳ್ಳಿ,
ಸೋಮವಾರ

ಅವ್ವಾ,

ಫೋನಿನಲ್ಲಿ ನಿನ್ನ ದನಿ ಕೇಳಿದರೆ ಅತ್ತುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಉಡಿ ತುಂಬಲು ಕುಬಸಕ್ಕೆ ಬಾ, ಆದರೆ ಹೆರಿಗೆಗೆ ನನ್ನನ್ನು ಊರಿಗೆ ಕರೆಯಬೇಡ. ಐದನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಕೂಸಿನ ಹೃದಯದ ಎಡಭಾಗ ಸರಿಯಾಗಿ ಬೆಳೆದಿಲ್ಲವೆಂದು ಕಂಡಿದೆ. ಹುಟ್ಟಿದ ಕೂಡಲೇ ಇಲ್ಲಿಯ ದೊಡ್ಡಾಸ್ಪತ್ರೆಯಲ್ಲೇ ಆಪರೇಷನ್ ಮಾಡಬೇಕಂತೆ. “ಬೇಗ ಗೊತ್ತಾಯ್ತಲ್ಲಮ್ಮ, ಒಳ್ಳೇದಾಯ್ತು,” ಅಂದರು ಡಾಕ್ಟರು. ನಾನೂ ತಲೆಯಾಡಿಸಿದೆ. ಮನೆಗೆ ಬರುವಾಗ ನಿನ್ನ ಅಳಿಯ ರಸ್ತೆಯಲ್ಲಿ ಗುಂಡಿ ಬಂದಲ್ಲೆಲ್ಲ ಬೈಕ್ ನಿಲ್ಲಿಸಿ ನನ್ನನ್ನು ಇಳಿಸಿ ನಡೆಸಿದರು.

ಕೂಸಿಗೆಂದು ತೆಗೆದಿಟ್ಟ ನಿನ್ನ ಹಳೇ ಸೀರೆಯಲ್ಲಿ ಅಂಗಿ ಹೊಲಿಯುವಾಗ ಕಟ್ಟುವ ದಾರ ಬೆನ್ನಿಗೆ ಬೇಡ, ಎದೆಗಿರಲಿ. ಡಾಕ್ಟರಿಗೆ ಬಿಚ್ಚಲು ಸುಲಭವಾಗುತ್ತದೆ.

ಸದ್ಯಕ್ಕೆ ಒಂದೇ ಹೊಲಿ, ಅವ್ವಾ. ಆಪರೇಷನ್ ಮುಗಿಯುವವರೆಗೆ ಉಳಿದ ಸೀರೆ ಕತ್ತರಿಸಬೇಡ.

ನಿನ್ನ
ಸುವರ್ಣಾ