ಇಲಿ ಕಾಲೆತ್ತಿದ್ದು ಯಾಕೆ

ನನ್ನ ಮುಂಗೋಪಿ ಅಕ್ಕನಿಗೆ,

ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು, ಆಮೇಲೆ ಬೈಯುವೆಯಂತೆ.

ಹೋದ ತಿಂಗಳು ನಾನು ಕುಣಿದಾಡಿಕೊಂಡು ಫೋನ್ ಮಾಡಿದ್ದು ನೆನಪಿದೆಯಲ್ಲ? ನಮ್ಮ ಲ್ಯಾಬಿನಲ್ಲಿ ಮನುಷ್ಯರ ಕಿವಿಗೆ ಕೇಳದ ಶಬ್ದವನ್ನು ಇಲಿಯ ಮಿದುಳಿನ ಒಂದೇ ಜಾಗಕ್ಕೆ ಗುರಿಯಿಟ್ಟು ಬಿಟ್ಟೆವು, ಅರೆನಿದ್ದೆಯಲ್ಲಿದ್ದ ಇಲಿ ಮುಂಗಾಲೆತ್ತಿತು ಎಂದಿದ್ದೆ. ತಲೆ ಕೊರೆಯದೆ, ತಂತಿ ತೂರಿಸದೆ! ನೀನು, "ಹಾಗಾದ್ರೆ ನನ್ ಕೈ ನಡುಕಕ್ಕೂ ಅದೇ ಸಾಕು ಬಿಡು. ತಲೆಗೆ ತಂತಿ ಹಾಕೋ ಆಪರೇಷನ್ ಬೇಡ ಅಂತ ಡಾಕ್ಟರಿಗೆ ಹೇಳ್ಬಿಡ್ತೀನಿ" ಅಂದೆ. ಸೂಜಿಗೆ ದಾರ ಪೋಣಿಸಲಾಗದೆ ಹೊಲಿಗೆ ಅಂಗಡಿಯ ಬಾಗಿಲೆಳೆದುಕೊಂಡು ಕೂತ ನಿನಗೆ, ಅದಿನ್ನೂ ಇಲಿಯ ಮಾತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಹೋದ ವಾರ ಏನಾಯಿತು ಗೊತ್ತೆ? ಇಲಿಯ ಬೋಳಿಸಿದ ನೆತ್ತಿಗೂ ಶಬ್ದ ಬಿಡುವ ಯಂತ್ರದ ಮೂತಿಗೂ ನಡುವೆ ಜೆಲ್ ಹಚ್ಚಬೇಕು. ಗಾಳಿ ಉಳಿದರೆ ಶಬ್ದ ತಲೆಯೊಳಕ್ಕೆ ಇಳಿಯುವುದೇ ಇಲ್ಲ. ಮಾತಿನ ಭರದಲ್ಲಿ ಹಚ್ಚುವುದು ಮರೆತು ಗುಂಡಿ ಒತ್ತಿಬಿಟ್ಟೆ. ಇಲಿ ಠೀವಿಯಿಂದ ಕಾಲೆತ್ತಿತು! ಮಿದುಳಿಗೆ ಏನೂ ತಲುಪದಿದ್ದರೂ ಎತ್ತಿತು. ಹುಡುಕಿ ನೋಡಿದಾಗ ಕಾರಣ ಸಿಕ್ಕಿತು. ಶಬ್ದ ಥಟ್ಟನೆ ಶುರುವಾಗುವಾಗ ಸಣ್ಣದೊಂದು ಟಿಕ್ ಹುಟ್ಟುತ್ತದೆ, ಅದು ಇಲಿಯ ಕಿವಿಗೆ ಕೇಳಿತ್ತು. ಬೆಚ್ಚಿಬಿದ್ದು ಕಾಲೆತ್ತಿದ್ದನ್ನು ನಾವು ಮಹಾ ಸಾಧನೆ ಅಂದುಕೊಂಡಿದ್ದೆವು.

ಈಗ ಹುಟ್ಟುಕಿವುಡು ಇಲಿಗಳನ್ನು ತಂದಿದ್ದೇವೆ. ಟಿಕ್ ಹುಟ್ಟದಂತೆ ಶಬ್ದವನ್ನೂ ಮೆಲ್ಲಗೆ ಏರಿಸುತ್ತೇವೆ. ಹೆಚ್ಚಿನವು ಮಿಸುಕಲಿಲ್ಲ. ನಿನ್ನೆ ಒಂದು ಮಾತ್ರ ಜೆಲ್ ಹಚ್ಚಿದಾಗಲೆಲ್ಲ ಕಾಲೆತ್ತಿತು, ಒರೆಸಿದಾಗ ಇಲ್ಲ. ಅದೊಂದೇ ಯಾಕೆ? ಊಟ ಸೇರುತ್ತಿಲ್ಲ, ಅಷ್ಟು ಕುತೂಹಲ ನನಗೆ. ನಮ್ಮ ಮೇಷ್ಟ್ರು ಮಾತ್ರ, "ಇದು ತಿಳಿಯೋಕೆ ವರ್ಷಗಳೇ ಬೇಕು ಕಣಮ್ಮ" ಅಂದರು.

ವರ್ಷಗಳು ನನ್ನ ಹತ್ತಿರ ಇವೆ ಅಕ್ಕಾ, ನಿನ್ನ ಹತ್ತಿರ ಇಲ್ಲ. ಈಗ ಲೋಟ ಹಿಡಿಯಲೂ ಭಾವನನ್ನು ಕರೆಯುತ್ತೀಯಂತೆ. ನನ್ನನ್ನು ನಂಬಿಕೊಂಡೇ ಆಪರೇಷನ್ ಮುಂದೂಡಿದ್ದೀಯ ಎಂದು ಅವರು ಹೇಳಿದಾಗ ನನಗೆ ಅಳು ಬಂತು. ತಲೆಗೆ ತಂತಿ ಎಂದರೆ ಯಾರಿಗೆ ಭಯವಿಲ್ಲ? ಆದರೂ ಡಾಕ್ಟರಿಗೆ ಹೂಂ ಅನ್ನು. ಆಪರೇಷನ್ ದಿನ ಇಲಿಗಳನ್ನು ಮೇಷ್ಟ್ರಿಗೆ ಒಪ್ಪಿಸಿ ನಾನು ಆಸ್ಪತ್ರೆಗೆ ಬಂದು ಬಾಗಿಲಲ್ಲೇ ಕೂತಿರುತ್ತೇನೆ. ಸುಳ್ಳು ಆಸೆ ಹುಟ್ಟಿಸಿದ್ದಕ್ಕೆ ನನಗೊಂದು ಬಿಗಿಯಬೇಕು ಅನ್ನಿಸಿದರೆ, ಕೈ ನೆಟ್ಟಗಾದ ಮೇಲೆ ಬಿಗಿ. ತಪ್ಪದೆ ಕೆನ್ನೆಗೇ ಬೀಳಲಿ.

ನಿನ್ನ ಕೈ ನಿಲ್ಲಲಿ ಎಂದು ಬೇಡಿಕೊಳ್ಳುವ,
ನಿನ್ನ ತಂಗಿ