ಅರವತ್ತು ಬೆಂಚಿಗೆ ಅಕ್ಕನ ಸಹಿ

ಗುರುವಾರ, ಹದಿನಾಲ್ಕನೇ ತಾರೀಕು
ಕಚೇರಿಯಿಂದ, ಮಧ್ಯಾಹ್ನ

ನನ್ನ ಮೇಲೆ ಸಿಟ್ಟಾಗಿರುವ ಅಕ್ಕನಿಗೆ,

ನಿನ್ನ ಬಾಲ ಬರೆಯುತ್ತಿದ್ದೇನೆ, ಸದಾ ನಿನ್ನ ಹಿಂದೆ ಸುತ್ತುತ್ತಿದ್ದೆ ಅಂತ ನೀನೇ ಇಟ್ಟ ಹೆಸರು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ‘ಹೇಳಿ ಮೇಡಂ’ ಅಂದುಬಿಡುತ್ತೀಯ ಅನ್ನುವ ಭಯ. ಅದಕ್ಕೇ ಈ ಕಾಗದ. ಹರಿದು ಹಾಕುವುದಾದರೆ ಓದಿದ ಮೇಲೆ ಹಾಕು.

ಸೋಮವಾರ ತನಿಖೆಗೆಂದು ನಿನ್ನ ಶಾಲೆಗೆ ಬಂದಾಗ ನೀನು ಎದ್ದು ನಿಂತೆ. ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿ, ಕೈಹಿಡಿದು ಶಾಲೆಗೆ ಎಳೆದುಕೊಂಡು ಹೋದವಳು ನೀನು. ಅಂಥವಳು ಅಷ್ಟೂ ಶಿಕ್ಷಕರ ಎದುರು ‘ಕೂತ್ಕೊಳ್ಳಿ ಮೇಡಂ, ಏನೇನು ನೋಡ್ಬೇಕು ಹೇಳಿ’ ಅಂದೆ. ಹೆಡ್‌ಮಿಸ್ ಕೂರುವ ನಿನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟೆ. ಮುಳ್ಳಿನ ಮೇಲೆ ಕೂತ ಹಾಗಿತ್ತು ನನಗೆ. ನಾವು ಅಕ್ಕತಂಗಿಯರು ಅನ್ನುವುದು ಅಲ್ಲಿ ಯಾರಿಗೂ ಗೊತ್ತಿಲ್ಲ. ನೀನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಈ ಕೆಲಸಕ್ಕೆ ಸೇರಿ ಮೂರು ವರ್ಷವಾಯಿತು. ಶಾಲಾ ಮಂಡಳಿಯ ದುಂದು, ಮೋಸ ಹುಡುಕುವ ಕಚೇರಿ, ಮಂಡಳಿಯ ಯಾರ ಮಾತನ್ನೂ ಕೇಳಬೇಕಿಲ್ಲ ಅಂತ ಹೆಮ್ಮೆಯಿಂದ ಸೇರಿದೆ. ಯಾರ ಮಾತೂ ಕೇಳಬೇಕಿಲ್ಲ, ನಿಜ. ಆದರೆ ನನ್ನ ಜೊತೆ ಯಾರೂ ಮಾತಾಡುವುದೂ ಇಲ್ಲ. ನಾನು ಬಾಗಿಲಲ್ಲಿ ಕಂಡರೆ ಸ್ಟಾಫ್ ರೂಮಿನ ನಗು ನಿಲ್ಲುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಳ್ಳಬೇಕು, ಇಲ್ಲಿ ಕದಿಯದವರೂ ನೋಡಿಕೊಳ್ಳುತ್ತಾರೆ. ತನಿಖೆಗೆ ಹೋದ ಕಡೆ ಒಂದು ಲೋಟ ನೀರನ್ನೂ ಮುಟ್ಟಬಾರದು ಅನ್ನುವುದು ನಮ್ಮ ನಿಯಮ. ನನ್ನ ಡಬ್ಬಿಯನ್ನು ಮೆಟ್ಟಿಲ ಮೇಲೋ ಬಸ್‌ಸ್ಟಾಪಿನಲ್ಲೋ ಬಿಚ್ಚುತ್ತೇನೆ. ಒಬ್ಬಳೇ ಉಣ್ಣುವುದು ಅಭ್ಯಾಸವಾಗಿದೆ ಅಂತ ಕೇಳಿದವರಿಗೆಲ್ಲ ಹೇಳುತ್ತೇನೆ. ಅಭ್ಯಾಸ ಆಗಿಲ್ಲ, ಅಕ್ಕಾ.

ನಿನ್ನ ಮಗಳ ಮದುವೆಯ ದಿನದ್ದೂ ಹೇಳಿಬಿಡುತ್ತೇನೆ. ನಾನು ಬಂದಿದ್ದೆ. ಬಾಗಿಲ ತನಕ ಬಂದೆ. ಮುಂದಿನ ಸಾಲಿನಲ್ಲಿ ಮಂಡಳಿಯ ಉಗ್ರಾಣದ ಅಧಿಕಾರಿ ಕಾಲು ಚಾಚಿ ಕೂತಿದ್ದ. ಆ ತಿಂಗಳಷ್ಟೇ ಅವನಿಗೆ ನಾನು ನೋಟಿಸ್ ಕಳಿಸಿದ್ದೆ. ಅವನ ಪಕ್ಕದ ಪಂಕ್ತಿಯಲ್ಲಿ ಕೂತು ಉಂಡರೆ ನಾಳೆ ಅದೇ ಮಾತಾಗುತ್ತದೆ ಅಂತ ತಿರುಗಿ ಹೋದೆ. ಮಾರನೇ ದಿನ ನೀನು ಫೋನಿನಲ್ಲಿ, ‘ಊರಿಗೊಂದು ದಾರಿಯಾದ್ರೆ ಪೋರನಿಗೊಂದು ದಾರಿ. ನಮ್ಮನೆ ಊಟನೂ ಲಂಚನಾ ನಿಂಗೆ?’ ಅಂದೆ. ಆಮೇಲೆ ಈ ಸೋಮವಾರದ ತನಕ, ಒಂದು ವರ್ಷ, ನಿನ್ನ ದನಿ ಕೇಳಿರಲಿಲ್ಲ. ನಾನು ಎತ್ತಿ ಆಡಿಸಿದ ಮಗು ಅದು. ಆ ದಿನ ಏನು ಉಟ್ಟಿದ್ದಳು ಅನ್ನುವುದೂ ನನಗೆ ಗೊತ್ತಿಲ್ಲ.

ಇನ್ನು ಬೆಂಚಿನ ವಿಷಯ. ನಿನ್ನ ಶಾಲೆಗೆ ಅರವತ್ತು ಬೆಂಚು ತಲುಪಿವೆ ಎಂದು ಉಗ್ರಾಣದ ಚೀಟಿಯಲ್ಲಿ ನಿನ್ನ ಸಹಿ ಇದೆ. ನೀನು ಪಕ್ಕದಲ್ಲೇ ನಡೆದು ಬಂದೆ, ನಾನು ಎಣಿಸಿದೆ. ಇಪ್ಪತ್ತೆರಡು. ಮೇಲಿನ ಮಹಡಿಯ ಮಕ್ಕಳು ನೆಲದ ಮೇಲೆ ಕೂತು ಮೊಣಕಾಲ ಮೇಲೆ ಪುಸ್ತಕ ಇಟ್ಟು ಬರೆಯುತ್ತಿದ್ದವು. ನೀನು ಮೆಲ್ಲಗೆ ಹೇಳಿದೆ, ‘ಮೊದ್ಲು ಸಹಿ, ಆಮೇಲೆ ಗಾಡಿ. ಎಲ್ಲ ಶಾಲೇಲೂ ಹೀಗೇನೆ. ಸಹಿ ಹಾಕ್ದೆ ಕೂತಿದ್ರೆ ಈ ಇಪ್ಪತ್ತೆರಡೂ ಬರ್ತಿರ್ಲಿಲ್ಲ. ಮಕ್ಕಳನ್ನ ಎಲ್ಲಿ ಕೂರಿಸ್ಲಿ?’

ನಿನ್ನ ಮನೆಗೆ ಒಂದು ಬೆಂಚಿನ ಕಾಲೂ ಹೋಗಿಲ್ಲ, ಗೊತ್ತು. ಬೇಲಿಯೇ ಎದ್ದು ಹೊಲ ಮೇಯ್ದಿದೆ. ಆದರೆ ಆ ಉಗ್ರಾಣದ ಅಧಿಕಾರಿಯನ್ನು ಹಿಡಿಯಬೇಕಾದರೆ ನಿನ್ನ ಸಹಿಯನ್ನೇ ಮೊದಲು ಹಿಡಿಯಬೇಕು. ಆ ಸಹಿ ಬಿಟ್ಟು ವರದಿ ಬರೆಯಲು ಮೂರು ಸಲ ಕೂತೆ. ಬಿಟ್ಟರೆ ಉಳಿದವರೆಲ್ಲ ಜಾರಿಕೊಳ್ಳುತ್ತಾರೆ. ಕೊನೆಗೆ ನಿನ್ನ ಹೆಸರು ಬರೆದೆ. ಎರಡು ವರ್ಷದಲ್ಲಿ ನಿವೃತ್ತಿ ನಿನಗೆ, ಅಷ್ಟರಲ್ಲಿ ಆ ಕುರ್ಚಿ ಹೋಗಬಹುದು. ಕ್ಷಮಿಸು ಅಂತ ಕೇಳುವುದಿಲ್ಲ, ನಾಳೆ ಕೂತರೂ ಅದನ್ನೇ ಬರೆಯುತ್ತೇನೆ.

ನನ್ನ ತಪ್ಪು ಬೇರೆ ಇದೆ. ಹತ್ತಿರದವರು ಇರುವ ಶಾಲೆಯ ತನಿಖೆಯನ್ನು ನಾವು ಬೇರೆಯವರಿಗೆ ಒಪ್ಪಿಸಬೇಕು. ನಾನು ಒಪ್ಪಿಸಲಿಲ್ಲ. ಬೇರೆಯವರಾದರೆ ಸಹಿಯನ್ನಷ್ಟೇ ನೋಡುತ್ತಾರೆ, ನೀನು ಯಾಕೆ ಹಾಕಿದೆ ಅಂತ ಕೇಳುವುದಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ ಇಷ್ಟೆ: ನಿನ್ನನ್ನು ನೋಡಬೇಕಿತ್ತು. ನಿನ್ನ ಮನೆಗೆ ಬರಲು ಮುಖವಿರಲಿಲ್ಲ, ಶಾಲೆಗೆ ಬರಲು ಆದೇಶವಿತ್ತು. ಬೆಂಚು ಎಣಿಸುವ ನೆಪದಲ್ಲಿ ಎರಡು ಗಂಟೆ ನಿನ್ನ ಜೊತೆ ನಡೆದೆ. ನಿನ್ನ ಕೂದಲು ಪೂರ್ತಿ ಬೆಳ್ಳಗಾಗಿದೆ. ಎಡಗಾಲು ನೋಯುತ್ತದೆ ಅಲ್ಲವಾ? ಮೆಟ್ಟಿಲು ಹತ್ತುವಾಗ ಕೈ ಹಿಡಿಯಬೇಕು ಅನ್ನಿಸಿತು. ಶಿಕ್ಷಕರೆಲ್ಲ ನೋಡುತ್ತಿದ್ದರು, ಹಿಡಿಯಲಿಲ್ಲ.

ಯಾರಿಗಾದರೂ ತೋರಿಸು, ಕಾಲನ್ನು ಹಾಗೇ ಬಿಡಬೇಡ.

ಇಂದಿಗೂ ನಿನ್ನ ಹಿಂದೆಯೇ ಇರುವ
ಬಾಲ

ಮತ್ತೆ: ತನಿಖೆಗೆ ನೀನು ಕೊಟ್ಟ ಲಿಖಿತ ಹೇಳಿಕೆ ಇವತ್ತು ಬೆಳಿಗ್ಗೆ ನನ್ನ ಮೇಜಿಗೆ ಬಂತು. ‘ತನಿಖಾ ಕಚೇರಿಯಲ್ಲಿ ನಿಮ್ಮ ಸಂಬಂಧಿಕರು ಇದ್ದಾರೆಯೇ?’ ಎನ್ನುವ ಪ್ರಶ್ನೆಗೆ ‘ಯಾರೂ ಇಲ್ಲ’ ಎಂದು ಬರೆದಿದ್ದೀಯ. ನನ್ನ ಕೆಲಸ ಉಳಿಸಲು ಬರೆದೆಯೋ, ನಿಜಕ್ಕೂ ಹಾಗೆ ಅನ್ನಿಸಿ ಬರೆದೆಯೋ, ಎಷ್ಟು ಸಲ ಓದಿದರೂ ತಿಳಿಯಲಿಲ್ಲ. ತನಿಖೆ ಮಾಡಿದವರೂ ಅಂಥದ್ದೇ ಒಂದು ಹಾಳೆ ತುಂಬಿ ಕೊಡಬೇಕು. ನಾನು ‘ಒಡಹುಟ್ಟಿದ ಅಕ್ಕ, ಒಬ್ಬಳು’ ಎಂದು ಬರೆದು ಮೇಲಿನವರ ಕೈಗೆ ಕೊಟ್ಟು ಬಂದೆ. ಈ ತನಿಖೆ ಇನ್ನು ನನ್ನದಲ್ಲ, ಕೆಲಸವೂ ಹೋಗಬಹುದು. ಬೇರೆಯವರು ಬಂದು ಮತ್ತೆ ಎಣಿಸುತ್ತಾರೆ, ಇಪ್ಪತ್ತೆರಡೇ ಸಿಗುತ್ತವೆ. ಹೇಳಿಕೆ ತಿದ್ದಲು ನಿನಗೆ ಏಳು ದಿನ ಸಮಯವಿದೆ. ಬೆಂಚಿನದೆಲ್ಲ ಸರಿಯಾಗಿಯೇ ಬರೆದಿದ್ದೀಯ. ಆ ಒಂದು ಉತ್ತರ ಮಾತ್ರ ತಿದ್ದು, ಅಕ್ಕಾ.